ಕೂಳೆಯಲ್ಲಿ ಉಳಿಯುವ ಶಿಲೀಂಧ್ರ

ಆಸ್ಟ್ರೇಲಿಯದ ಗೋಧಿ ಸೀಮೆಗಳಲ್ಲಿ ವರ್ಷದ ಕೊನೆಯ ಹೊತ್ತಿಗೆ ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಕೂಳೆಯನ್ನು ಉತ್ತು ಮಗುಚದೆ, ಸುಡದೆ, ಮುಂದಿನ ಹಂಗಾಮಿನಲ್ಲಿ ಅದರ ನಡುವೆಯೇ ಬಿತ್ತುವ ಪದ್ಧತಿ ಕೆಲವು ದಶಕಗಳಿಂದ ವ್ಯಾಪಕವಾಗಿದೆ. ಮಳೆ ಕಡಿಮೆಯಿರುವ ಆ ನೆಲದಲ್ಲಿ ಕೂಳೆಯು ಗಾಳಿಗೆ ಮಣ್ಣು ಹಾರದಂತೆ ತಡೆದು ತೇವವನ್ನು ಹಿಡಿದಿಡುವುದರಿಂದ ಇದು ವಿವೇಕದ ಕ್ರಮವೇ ಸರಿ. ಆದರೆ ಅದೇ ಕೂಳೆ ಹತ್ತಾರು ಬಗೆಯ ಶಿಲೀಂಧ್ರಗಳಿಗೆ ಆಹಾರವೂ ನೆಲೆಯೂ ಆಗುತ್ತದೆ.

ಇವುಗಳಲ್ಲಿ ಬಹುಪಾಲು ಕೊಳೆತಿನಿಗಳು, ಅಂದರೆ ಸತ್ತ ವಸ್ತುವನ್ನು ಕರಗಿಸಿ ಬದುಕುವಂಥವು. ಒಣಹುಲ್ಲಿನ ಮೇಲೆ ಕಪ್ಪು ಮಸಿಯಂತೆ ಹರಡುವ ಆಲ್ಟರ್ನೇರಿಯ ಮತ್ತು ಕ್ಲಾಡೊಸ್ಪೋರಿಯಂ ಈ ಗುಂಪಿನವು. ಹುಲ್ಲಿನ ಸೆಲ್ಯುಲೋಸ್ ಒಡೆಯಲು ಬೇಕಾದ ಸಾರಜನಕ ಹುಲ್ಲಿನಲ್ಲಿ ಸಾಲದೆ ಅವು ಅದನ್ನು ಮಣ್ಣಿನಿಂದ ಎಳೆದುಕೊಳ್ಳುವುದರಿಂದ ಎಳೆಯ ಬೆಳೆಗೆ ಸ್ವಲ್ಪ ಕಾಲ ಕೊರತೆ ಆಗಬಹುದಾದರೂ, ಕೂಳೆ ಮಣ್ಣಿಗೆ ಮರಳುವುದು ಅವುಗಳ ದುಡಿಮೆಯಿಂದಲೇ.

ತೊಂದರೆಯಿರುವುದು ಬೆಳೆ ಜೀವಂತವಿದ್ದಾಗಲೇ ಒಳಹೊಕ್ಕು, ಅದು ಸತ್ತ ಮೇಲೂ ಜಾಗ ಬಿಡದ ಕೆಲವು ಶಿಲೀಂಧ್ರಗಳಲ್ಲಿ. ಹಳದಿ ಎಲೆಚುಕ್ಕೆ ರೋಗ ತರುವ ಪೈರೆನೊಫೊರ ಟ್ರಿಟಿಸೈ-ರೆಪೆಂಟಿಸ್ ಅಂಥದೊಂದು. ಹಳೆಯ ದಂಟಿನ ಮೇಲೆ ಬೆರಳಾಡಿಸಿದರೆ ಗುಂಡುಸೂಜಿಯ ತಲೆಯಷ್ಟಿರುವ ಕಪ್ಪು ಗಂಟುಗಳು ಒರಟಾಗಿ ತಗಲುತ್ತವೆ. ಇವೇ ಅದರ ಫಲಕಾಯಗಳು. ಒಳಗಿನ ಸಣ್ಣ ಚೀಲಗಳಲ್ಲಿ, ಒಂದೊಂದರಲ್ಲಿ ಸಾಮಾನ್ಯವಾಗಿ ಎಂಟರಂತೆ, ಬೀಜಾಣುಗಳು ಬಲಿತು ಮಳೆಯ ತೇವಕ್ಕೆ ಹೊರಸಿಡಿಯುತ್ತವೆ. ಇವು ಹೆಚ್ಚು ದೂರ ಹೋಗಲಾರವಾದ್ದರಿಂದ ಗೋಧಿಯ ಮೇಲೆ ಗೋಧಿ ಬಿತ್ತಿದ ಹೊಲಕ್ಕೆ ರೋಗ ಮೊದಲು ತಗಲುವುದು ಅದರದೇ ಕೂಳೆಯಿಂದ. ಬಳಿಕ ಎಲೆಯ ಚುಕ್ಕೆಗಳಲ್ಲಿ ಹುಟ್ಟುವ ಇನ್ನೊಂದು ಬಗೆಯ ಬೀಜಾಣು ಗಾಳಿಯಲ್ಲಿ ದೂರಕ್ಕೂ ಸಾಗುತ್ತದೆ. ಎಲೆಯ ಜೀವಕೋಶಗಳನ್ನು ಕೊಲ್ಲುವ ಟಾಕ್ಸ್‌-ಎ ಎಂಬ ವಿಷಪ್ರೋಟೀನಿನ ವಂಶವಾಹಿ ಈ ಶಿಲೀಂಧ್ರಕ್ಕೆ ಗೋಧಿಯದೇ ಮತ್ತೊಂದು ರೋಗಕಾರಕ ಶಿಲೀಂಧ್ರದಿಂದ ಬಂದಿತೆಂದು 2006ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಎರಡು ಬೇರೆ ಜಾತಿಗಳ ನಡುವೆ ಆಯುಧವೊಂದು ಹೀಗೆ ಕೈಬದಲಾಗಿರುವುದು ನಿಜಕ್ಕೂ ಬೆರಗು ಹುಟ್ಟಿಸುವ ಸಂಗತಿ.

ಬುಡಕೊಳೆ ತರುವ ಫ್ಯುಸೇರಿಯಂ ಸೂಡೊಗ್ರ್ಯಾಮಿನೇರಂ ಇನ್ನೂ ಹಟಮಾರಿ. ಬುಡದ ಎಲೆಯ ಹೊದಿಕೆ ಸುಲಿದಾಗ ಕಾಣುವ ಜೇನುಕಂದು ಬಣ್ಣವೇ ಅದರ ಗುರುತು. ಕಾಳು ತುಂಬುವ ಹೊತ್ತಿಗೆ ನೀರು ಸಾಲದಿದ್ದರೆ ತೆನೆಗಳು ಬಿಳಿಚಿ ಜೊಳ್ಳಾಗುತ್ತವೆ. ಬೆಂಕಿ ಹಚ್ಚಿದರೆ ಮೇಲಿನ ದಂಟು ಸುಟ್ಟು ಹೋದರೂ ನೆಲದೊಳಗಿನ ಬುಡದಲ್ಲಿ ಶಿಲೀಂಧ್ರ ಉಳಿದೇ ಇರುತ್ತದೆ, ಮಣ್ಣಿನ ಹೊದಿಕೆ ಮಾತ್ರ ಹಾಳಾಗುತ್ತದೆ. ಇದಕ್ಕಿಂತ ಮೇಲಾದ ದಾರಿ ಕಡಲೆಯನ್ನೋ ಸಾಸಿವೆಯ ಬಳಗದ ಕ್ಯಾನೊಲಾವನ್ನೋ ನಡುವೆ ಬೆಳೆಯುವುದು. ಆ ಅವಧಿಯಲ್ಲಿ ಕೊಳೆತಿನಿಗಳು ಹಳೆಯ ಕೂಳೆಯನ್ನು ಕರಗಿಸಿ ರೋಗಕಾರಕದ ನೆಲೆಯನ್ನೇ ಕಿತ್ತುಕೊಳ್ಳುತ್ತವೆ. ಮತ್ತೆ ಗೋಧಿಯನ್ನೇ ಬಿತ್ತಬೇಕಾದವರು ಉಪಗ್ರಹ ಮಾರ್ಗದರ್ಶನದ ಟ್ರ್ಯಾಕ್ಟರುಗಳ ನೆರವಿನಿಂದ ಹಳೆಯ ಸಾಲುಗಳ ನಡುವೆ ಹೊಸ ಸಾಲು ಹಿಡಿಯುತ್ತಾರೆ, ಏಕೆಂದರೆ ಈ ಶಿಲೀಂಧ್ರ ಸೋಂಕಿದ ಕೂಳೆ ತಾಗಿದ ಗಿಡಕ್ಕೇ ಹೆಚ್ಚಾಗಿ ಹತ್ತುತ್ತದೆ.