ಗಾಳಕ್ಕೆ ಸಿಕ್ಕ ಅಪರಿಚಿತ ಮೀನು

ರಜೆಗೆಂದು ಕಾರವಾರಕ್ಕೋ ಮಲ್ಪೆಗೋ ಹೋಗಿದ್ದೀರಿ ಎಂದುಕೊಳ್ಳಿ. ಕಡಲದಂಡೆಯ ಬಂಡೆಯ ಮೇಲೆ ಕುಳಿತು ನಿಮ್ಮ ಮಾವ ಗಾಳ ಹಾಕಿದ್ದಾರೆ. ದಾರ ಜಗ್ಗಿತು, ಮೀನು ಮೇಲೆ ಬಂತು. ಅದು ಬಂಗುಡೆಯಲ್ಲ, ಕಾಣೆಯೂ ಅಲ್ಲ. "ಬಿಡಿಸೋ ಅದನ್ನ" ಎನ್ನುತ್ತಾರೆ ಮಾವ. ನಿಮ್ಮ ಕೈ ಮುಂದೆ ಹೋಗುತ್ತದೆ. ಸ್ವಲ್ಪ ನಿಲ್ಲಿ! ಮೊದಲು ಕಣ್ಣು, ಆಮೇಲೆ ಕೈ.

ಗುರುತಿಲ್ಲದ ಮೀನಿನಿಂದ ಬರುವ ಅಪಾಯ ಎರಡು ಬಗೆಯದು. ಕೆಲವು ಮೀನು ಚುಚ್ಚಿದರೆ ನಂಜು. ಇನ್ನು ಕೆಲವು ತಿಂದರೆ ವಿಷ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳೋಣ.

ಚುಚ್ಚುವ ಮೀನುಗಳಲ್ಲಿ ನಮ್ಮ ಕರಾವಳಿಗೆ ಚಿರಪರಿಚಿತವಾದದ್ದು ಮೀಸೆಯುಳ್ಳ ತೇಡೆ. ಅದರ ಬೆನ್ನಿನ ಮೇಲೊಂದು, ಕಿವಿರುಗಳ ಹಿಂದೆ ಎಡಬಲಕ್ಕೆ ಒಂದೊಂದು, ಹೀಗೆ 3 ಗರಗಸದಂಥ ಮುಳ್ಳುಗಳಿವೆ. ಅನುಭವಿ ಮೀನುಗಾರರು ಮೊದಲು ಈ ಮುಳ್ಳುಗಳನ್ನು ಮುರಿದು ಆಮೇಲೆಯೇ ಮೀನನ್ನು ಬುಟ್ಟಿಗೆ ಹಾಕುವುದನ್ನು ನೀವು ನೋಡಿರಬಹುದು. ಚಪ್ಪಟೆ ಮೈಯ ತೊರಕೆಗೆ ಮುಳ್ಳಿರುವುದು ಚಾಟಿಯಂಥ ಬಾಲದಲ್ಲಿ. ಆಸ್ಟ್ರೇಲಿಯಾದ ಪ್ರಸಿದ್ಧ ಟಿ.ವಿ. ನಿರೂಪಕ ಸ್ಟೀವ್ ಇರ್ವಿನ್ 2006ರಲ್ಲಿ ಚಿತ್ರೀಕರಣದ ವೇಳೆ ತೀರಿಕೊಂಡದ್ದು ತೊರಕೆಯ ಮುಳ್ಳು ಎದೆಗೆ ನಾಟಿದ್ದರಿಂದ. ಇಂಥ ಸಾವು ತೀರಾ ಅಪರೂಪ. ಆದರೆ ಕಾಲಿಗೆ ಚುಚ್ಚಿದರೂ ನೋವು ಅಸಾಧ್ಯ. ಇನ್ನೊಂದು ಮಾತು: ಮೀನು ಸತ್ತರೂ ಮುಳ್ಳಿನ ನಂಜು ಕೂಡಲೇ ಸಾಯುವುದಿಲ್ಲ.

ಚುಚ್ಚಿಸಿಕೊಂಡರೆ ಏನು ಮಾಡಬೇಕು? ಗಾಯವನ್ನು ತೊಳೆದು, ಆ ಕೈ ಅಥವಾ ಕಾಲನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಬೇಕು. ಚರ್ಮ ಸುಡದಂತೆ, ನೀರಿನ ಬಿಸಿಯನ್ನು ಮೊದಲು ಗಾಯವಿಲ್ಲದ ಕೈಯಿಂದ ನೋಡಿ. ಆಳಕ್ಕೆ ಇಳಿದ ಮುಳ್ಳನ್ನು, ಅದರಲ್ಲೂ ಎದೆ, ಹೊಟ್ಟೆ, ಕುತ್ತಿಗೆಗೆ ನಾಟಿದ್ದನ್ನು, ನೀವೇ ಕೀಳಬೇಡಿ. ಅದು ವೈದ್ಯರ ಕೆಲಸ. ಚಿಕ್ಕ ಗಾಯವಾದರೂ ವೈದ್ಯರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ.

ಇನ್ನು ತಿಂದರೆ ವಿಷವಾಗುವ ಮೀನು. ಹೆದರಿದಾಗ ಚೆಂಡಿನಂತೆ ಉಬ್ಬುವ ಪಫರ್ ಮೀನು ಇದಕ್ಕೆ ದೊಡ್ಡ ಉದಾಹರಣೆ. 1774ರಲ್ಲಿ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ನಾವಿಕ ಜೇಮ್ಸ್ ಕುಕ್ ಮತ್ತು ಸಂಗಡಿಗರು ಇಂಥದೊಂದು ಮೀನಿನ ಯಕೃತ್ತನ್ನೂ ಮೊಟ್ಟೆಗಳನ್ನೂ ಸ್ವಲ್ಪವೇ ರುಚಿ ನೋಡಿದರು. ಬೆಳಗಾಗುವುದರೊಳಗೆ ಕೈಕಾಲು ಮರಗಟ್ಟಿ, ನೀರು ತುಂಬಿದ ಪಾತ್ರೆಗೂ ಹಕ್ಕಿಯ ಗರಿಗೂ ಭಾರದ ವ್ಯತ್ಯಾಸವೇ ತಿಳಿಯದಾಯಿತು. ಅವರು ಬದುಕಿಕೊಂಡರು, ಅದೇ ಮೀನಿನ ಕರುಳನ್ನು ತಿಂದ ಹಂದಿ ಸತ್ತಿತು. ಈ ವಿಷಕ್ಕೆ 1909ರಲ್ಲಿ ಜಪಾನಿನ ವಿಜ್ಞಾನಿ ತಹಾರಾ ಟೆಟ್ರೊಡೊಟಾಕ್ಸಿನ್ ಎಂದು ಹೆಸರಿಟ್ಟರು. ನರಕೋಶಗಳಲ್ಲಿ ಸೋಡಿಯಂ ಒಳಹೋಗುವ ದಾರಿಯನ್ನು ಅದು ಮುಚ್ಚಿಬಿಡುತ್ತದೆ. ಸಂದೇಶ ಸಾಗದೆ ಸ್ನಾಯುಗಳು ಸೋಲುತ್ತವೆ. ಕೊನೆಗೆ ಉಸಿರಾಟವೇ ನಿಲ್ಲಬಹುದು. ಇದಕ್ಕೆ ಪ್ರತಿವಿಷವಿಲ್ಲ. ಮೀನು ತಿಂದ ಮೇಲೆ ತುಟಿ, ನಾಲಗೆ ಜುಮುಗುಟ್ಟಿದರೆ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇಲ್ಲೊಂದು ಸ್ವಾರಸ್ಯವಿದೆ. ಮುಳ್ಳಿನ ನಂಜು ಬಹುಮಟ್ಟಿಗೆ ಪ್ರೋಟೀನು. ಬಿಸಿಗೆ ಮೊಟ್ಟೆಯ ಬಿಳಿ ಗಟ್ಟಿಯಾಗುವಂತೆ ಅದರ ರಚನೆಯೂ ಕೆಡುತ್ತದೆ. ಟೆಟ್ರೊಡೊಟಾಕ್ಸಿನ್ ಚಿಕ್ಕ, ಗಟ್ಟಿ ಅಣು. ಸಾರಿನಲ್ಲಿ ಎಷ್ಟು ಕುದಿಸಿದರೂ ಉಳಿಯುತ್ತದೆ. ತೇಡೆಯ ನೋವಿಗೆ ಬಿಸಿನೀರು ಮದ್ದಾಯಿತೆಂದು, "ಚೆನ್ನಾಗಿ ಬೇಯಿಸಿದರೆ ಯಾವ ಮೀನೂ ಆದೀತು" ಎನ್ನುವಂತಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಬಣ್ಣವನ್ನು ನಂಬಬೇಡಿ, ನೀರಿನಿಂದ ತೆಗೆದಮೇಲೆ ಅದು ಮಾಸುತ್ತದೆ. ಬಾಯಿ ನೋಡಿ: ಪಫರ್ ಮೀನಿಗೆ ಗಿಳಿಯ ಕೊಕ್ಕಿನಂತೆ ಸೇರಿದ 4 ಹಲ್ಲುಗಳು. ಮೈ ನೋಡಿ: ಹುರುಪೆ ಇದೆಯೇ, ಬರಿ ಚರ್ಮವೇ? ಈಜುರೆಕ್ಕೆಗಳನ್ನು ಎಣಿಸಿ, ಮುಳ್ಳು ಎಲ್ಲಿದೆ ನೋಡಿ. ಊರ ಹೆಸರೊಂದೇ ಸಾಲದು. ನಮ್ಮ ಕರಾವಳಿಯವರು ಕಾರ್ಗಿಲ್ ಮೀನು ಎನ್ನುವುದು ವಿಜ್ಞಾನಿಗಳಿಗೆ ಓಡೋನಸ್ ನೈಜರ್. ಮೀನಿನ ಪಕ್ಕದಲ್ಲಿ ಪೆನ್ನೊಂದನ್ನು ಇಟ್ಟು ಫೋಟೋ ತೆಗೆದರೆ ಅಳತೆಯೂ ದಾಖಲಾಗುತ್ತದೆ. ಅದನ್ನು ಹಿರಿಯ ಮೀನುಗಾರರಿಗೆ ಅಥವಾ ಮಂಗಳೂರಿನ ಮೀನುಗಾರಿಕಾ ಕಾಲೇಜಿನವರಿಗೆ ತೋರಿಸಬಹುದು.

ಕೊಕ್ಕೆಯನ್ನು ಉದ್ದನೆಯ ಇಕ್ಕಳದಿಂದ ಬಿಡಿಸಿ. ಬಿಡಿಸಲಾಗದಿದ್ದರೆ ದಾರ ಕತ್ತರಿಸಿ ಮೀನನ್ನು ನೀರಿಗೆ ಬಿಡಿ. ಕಡಲಕುದುರೆ ಸಿಕ್ಕರಂತೂ ಬಿಡಲೇಬೇಕು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ. ಹೆಸರು ತಿಳಿಯದ ಮೀನು ಅಡುಗೆಮನೆಗೆ ಬರಬಾರದು. ಇದೊಂದು ನಿಯಮ ನೆನಪಿರಲಿ.

ಈ ವಾರ ಹೀಗೆ ಮಾಡಿ: ಮೀನು ಮಾರುಕಟ್ಟೆಗೆ ಹೋಗಿ, 5 ಬಗೆಯ ಮೀನುಗಳ ಬಾಯಿ, ಬಾಲ, ಈಜುರೆಕ್ಕೆಗಳ ಚಿತ್ರ ಬರೆಯಿರಿ. ಮಾರುವ ಅಮ್ಮನನ್ನು ಹೆಸರು ಕೇಳಿ ಬರೆದುಕೊಳ್ಳಿ. ಪರಿಚಿತ ಮೀನುಗಳನ್ನು ಸರಿಯಾಗಿ ಬಲ್ಲವರಿಗೆ ಅಪರಿಚಿತ ಮೀನು ಬೇಗ ಕಣ್ಣಿಗೆ ಬೀಳುತ್ತದೆ.