ದೂರದ ಕೈಗಳು, ಒಂದೇ ಗುರಿ

2020ರ ಲಾಕ್‌ಡೌನ್ ನಂತರ ‘ವರ್ಕ್ ಫ್ರಮ್ ಹೋಮ್’ ಎಂಬ ಮಾತು ಪಿರಿಯಾಪಟ್ಟಣದಲ್ಲೂ ಮನೆಮಾತಾಯಿತು. ಕಂಪನಿ ಬೆಂಗಳೂರಿನಲ್ಲಿ, ಕೆಲಸಗಾರರು ಊರೂರಿನಲ್ಲಿ. ಒಬ್ಬರ ಮುಖ ಒಬ್ಬರು ನೋಡದ ಇವರೆಲ್ಲ ಒಂದೇ ಗುರಿಗೆ ದುಡಿಯುವಂತೆ ಮಾಡುವುದು ಹೇಗೆ? ವಾಣಿಜ್ಯ ವಿಭಾಗದ ನಮಗೆ ಇದು ನಾಳೆ ಕೆಲಸದಲ್ಲಿ ಎದುರಾಗುವ ಪ್ರಶ್ನೆ.

ಹೆನ್ರಿ ಫಯೋಲ್ 1916ರಲ್ಲಿ ಹೇಳಿದ 14 ತತ್ವಗಳಲ್ಲಿ ‘ನಿರ್ದೇಶನದ ಏಕತೆ’ ಒಂದು. ಒಂದೇ ಉದ್ದೇಶದ ಕೆಲಸಗಳಿಗೆ ಒಬ್ಬ ಮುಖ್ಯಸ್ಥ, ಒಂದೇ ಯೋಜನೆ ಇರಬೇಕು ಎಂಬುದು ಅದರ ಸಾರ. ಇದನ್ನು ಓದಿದಾಗ ನನಗೆ ಹೊಳೆದ ಉದಾಹರಣೆ ನಮ್ಮ ಹಳ್ಳಿಗಳ ಹಾಲಿನ ಡೇರಿ.

ಬೆಟ್ಟದಪುರ ಕಡೆಯ ರೈತನಿಗೂ ಎಚ್.ಡಿ. ಕೋಟೆಯ ರೈತನಿಗೂ ಪರಿಚಯವಿಲ್ಲ. ಆದರೂ ಇಬ್ಬರ ಹಾಲೂ ಹಳ್ಳಿಯ ಸಂಘದಿಂದ ಮೈಸೂರಿನ ಹಾಲು ಒಕ್ಕೂಟಕ್ಕೆ ಹೋಗಿ, ನಂದಿನಿ ಹೆಸರಿನಲ್ಲಿ ಮಾರಾಟವಾಗುತ್ತದೆ. ನೀಲಿ ಪ್ಯಾಕೆಟ್‌ನ ಟೋನ್ಡ್ ಹಾಲಿನಲ್ಲಿ ಶೇ. 3 ಜಿಡ್ಡು, ಶೇ. 8.5 ಇತರ ಘನಾಂಶ ಇರಲೇಬೇಕು. ಯಾವ ಅಧಿಕಾರಿಯೂ ಕೊಟ್ಟಿಗೆಯಲ್ಲಿ ಕುಳಿತು ಕಾಯುವುದಿಲ್ಲ. ಡೇರಿಯಲ್ಲಿ ಹಾಲನ್ನು ಪರೀಕ್ಷಿಸಿ, ಜಿಡ್ಡು ಮತ್ತು ಘನಾಂಶ ನೋಡಿ ದರ ಕಟ್ಟುತ್ತಾರೆ. ‘ಒಳ್ಳೆಯ ಹಾಲು’ ಎಂಬ ಒಕ್ಕೂಟದ ದೊಡ್ಡ ಗುರಿ, ರೈತನ ಕೈಗೆ ಒಂದು ಅಂಕಿಯಾಗಿ ತಲುಪುತ್ತದೆ.

ಎರಡು ಅಂಕಿ ಏಕೆ? ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವನ ಹಾಲು ಅದರಲ್ಲಿ ಸರಿಯಾಗಿಯೇ ಕಾಣಬಹುದು! ಜಿಡ್ಡನ್ನೂ ಅಳೆದಾಗ ಮೋಸ ಹೊರಬೀಳುತ್ತದೆ. ಕಂಪನಿಗಳಿಗೂ ಇದೇ ಪಾಠ. ಕಾಲ್ ಸೆಂಟರ್‌ನಲ್ಲಿ ದಿನಕ್ಕೆ ಎಷ್ಟು ಕರೆ ಮುಗಿಸಿದಿರಿ ಎಂದಷ್ಟೇ ಎಣಿಸಿದರೆ, ನೌಕರ ಕರೆಯನ್ನು ಬೇಗ ಮುಗಿಸುತ್ತಾನೆ, ಗ್ರಾಹಕನ ತೊಂದರೆ ಹಾಗೇ ಉಳಿಯುತ್ತದೆ. ತೊಂದರೆ ಬಗೆಹರಿಯಿತೇ ಎಂಬುದನ್ನೂ ಅಳೆಯಬೇಕು.

ಇನ್ನೊಂದು ಗುಟ್ಟು ಪಾಲುದಾರಿಕೆ. ಹಾಲು ಹಾಕುವ ರೈತ ಸಂಘದ ಸದಸ್ಯನೂ ಹೌದು. ಆಡಳಿತ ಮಂಡಳಿಯ ಚುನಾವಣೆಯಲ್ಲಿ ಅವನಿಗೆ ಮತವಿದೆ, ಲಾಭ ಬಂದರೆ ಬೋನಸ್ ಇದೆ. ಹಾಗಾಗಿ ಸಂಘದ ಗುರಿ ಅವನದೂ ಆಗುತ್ತದೆ. ಮೇಲಿನಿಂದ ಬಂದ ಆದೇಶಕ್ಕೆ ಇಷ್ಟು ಬಲವಿರುವುದಿಲ್ಲ.

ಆದರೆ ಎಲ್ಲವನ್ನೂ ಯಂತ್ರ ಅಳೆಯಲಾರದು. ಖಲೀಫಾ ಉಮರ್ (ರ) ಅವರ ಕಾಲದ ಹಾಲಿನ ಹುಡುಗಿಯ ಕಥೆ ನಾವೆಲ್ಲ ಕೇಳಿದ್ದೇವೆ. ಖಲೀಫರು ಇಲ್ಲಿ ನೋಡುತ್ತಿಲ್ಲ, ಹಾಲಿಗೆ ನೀರು ಬೆರೆಸು ಎಂದು ತಾಯಿ ಹೇಳಿದರೂ, ಅಲ್ಲಾಹನು ನೋಡುತ್ತಿದ್ದಾನೆ ಎಂದು ಅವಳು ಒಪ್ಪಲಿಲ್ಲ. ಮೇಲ್ವಿಚಾರಕನಿಲ್ಲದ ಕೋಣೆಯಲ್ಲಿ ದುಡಿಯುವವರಿಗೆ ಬೇಕಾದ ಅಮಾನತ್ ಇದೇ.

ನಾಳೆ ಮನೆಯಿಂದಲೇ ಮಾಡುವ ಕೆಲಸ ಸಿಕ್ಕರೆ ಮೊದಲ ದಿನವೇ ಮೂರು ಪ್ರಶ್ನೆ ಕೇಳಿ. ಕಂಪನಿಯ ಗುರಿಯಲ್ಲಿ ನನ್ನ ಪಾಲು ಯಾವುದು? ಅದನ್ನು ಹೇಗೆ ಅಳೆಯುತ್ತೀರಿ? ಆ ಅಳತೆ ನನಗೆ ಯಾವಾಗ ಕಾಣುತ್ತದೆ? ಇವಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ, ಕಂಪನಿ ಎಷ್ಟು ದೂರವಿದ್ದರೂ ನೀವು ಅದರ ಜೊತೆಗೇ ಇರುತ್ತೀರಿ.