ಹಳೇ ಮಾನಿಟರ್ ಆನ್ ಆಗ್ತಿಲ್ವಾ? ಗುಜರಿಗೆ ಹಾಕೋ ಮುಂಚೆ ಇದನ್ನ ಕೇಳಿ

ಫೋನಿನ ಸಣ್ಣ ಸ್ಕ್ರೀನಲ್ಲಿ ಓದಿ ಓದಿ ಕಣ್ಣು ಸೋತು, ಅಟ್ಟದ ಮೇಲಿದ್ದ ಹಳೇ ಎಲ್‌ಸಿಡಿ ಮಾನಿಟರ್ ಕೆಳಗಿಳಿಸಿದ್ದೀರಿ. ಧೂಳು ಒರೆಸಿ, ಪ್ಲಗ್ ಹಾಕಿ ಬಟನ್ ಒತ್ತಿದ್ರೆ ಸದ್ದೇ ಇಲ್ಲ. 'ಇದರ ಕಥೆ ಮುಗೀತು' ಅನ್ನೋ ಮುಂಚೆ ಒಂದು ಹದಿನೈದು ನಿಮಿಷ ಕೊಡಿ.

ಮೊದಲು ಬಟನ್ ಹತ್ತಿರದ ಪುಟ್ಟ ಲೈಟ್ ನೋಡಿ. ಅದು ಹತ್ತದಿದ್ರೆ ಕರೆಂಟ್ ಎಲ್ಲಿ ನಿಂತಿದೆ ಅಂತ ಹುಡುಕಬೇಕು. ಅದೇ ಸಾಕೆಟ್‌ಗೆ ಫೋನ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆದ್ರೆ ಸಾಕೆಟ್ ಸರಿ ಇದೆ. ಮುಂದಿನದು ಪವರ್ ಕೇಬಲ್. ಬಹುತೇಕ ಹಳೇ ಮಾನಿಟರ್‌ಗಳಿಗೂ ಸಿಪಿಯುಗೂ ಬರೋದು ಒಂದೇ ಥರದ ಮೂರು ಪಿನ್ ಕೇಬಲ್. ಅದಲುಬದಲು ಮಾಡಿ, ಗಟ್ಟಿಯಾಗಿ ಒತ್ತಿ ಹಾಕಿ. ಅಡಾಪ್ಟರ್ ಇರೋ ಮಾಡೆಲ್ ಆದ್ರೆ ಸಿಕ್ಕ ಅಡಾಪ್ಟರ್ ಚುಚ್ಚಬೇಡಿ. ಲೇಬಲ್ ಮೇಲಿನ ವೋಲ್ಟ್, ಪ್ಲಸ್-ಮೈನಸ್ ಗುರುತು ಎರಡೂ ಹೊಂದಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು.

ಇನ್ನೂ ಆಗ್ಲಿಲ್ವಾ? ಪ್ಲಗ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ.

ಲೈಟ್ ಹತ್ತಿದೆ, ಆದ್ರೆ ಸ್ಕ್ರೀನ್ ಕಪ್ಪು ಅಂದ್ರೆ? ವಿಜಿಎ ಅಥವಾ ಡಿವಿಐ ಕೇಬಲ್ ಬಿಗಿ ಮಾಡಿ, ಮೆನುವಿನಲ್ಲಿ ಇನ್‌ಪುಟ್ ಬದಲಿಸಿ. ನಂತರ ರೂಮ್ ಕತ್ತಲು ಮಾಡಿ, ಫೋನ್ ಟಾರ್ಚನ್ನು ಸ್ಕ್ರೀನ್ ಮೇಲೆ ಓರೆಯಾಗಿ ಬಿಡಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಬದುಕಿದೆ, ಹಿಂದಿನ ಬ್ಯಾಕ್‌ಲೈಟ್ ಅಥವಾ ಅದರ ಸರ್ಕ್ಯೂಟ್ ಕೈಕೊಟ್ಟಿದೆ.

ಲೈಟ್ ಮಿಣಮಿಣ ಅಂತಿದ್ರೆ, ಅಥವಾ ತುಂಬಾ ಹೊತ್ತು ಸತಾಯಿಸಿ ಆನ್ ಆಗ್ತಿದ್ರೆ, ಅನುಮಾನ ಪವರ್ ಬೋರ್ಡಿನ ಕೆಪಾಸಿಟರ್ ಮೇಲೆ. ಈ ಸಣ್ಣ ಡಬ್ಬಿಗಳೊಳಗಿನ ದ್ರವ ವರ್ಷಗಟ್ಟಲೆ ಬಿಸಿಗೆ ಒಣಗುತ್ತೆ, ಕೆಲವು ತಲೆ ಊದಿಕೊಳ್ಳುತ್ತವೆ. ಬಿಡಿಭಾಗ ದುಬಾರಿಯಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಸುಲಭವಾಗಿ ಸಿಗುತ್ತೆ.

ಆದ್ರೆ ಇಲ್ಲೇ ಎಚ್ಚರ. ಯೂಟ್ಯೂಬ್ ನೋಡಿ ನೀವೇ ಬಿಚ್ಚಬೇಡಿ. ಮನೆಯ 230 ವೋಲ್ಟ್ ಎಸಿ ಒಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ದೊಡ್ಡ ಕೆಪಾಸಿಟರ್‌ನಲ್ಲಿ ಕೂತಿರುತ್ತೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಹಿಂದೆ ಗೂನು ಇರೋ ಹಳೇ ಸಿಆರ್‌ಟಿ ಮಾನಿಟರ್ ಅಂತೂ ಮುಟ್ಟಲೇಬೇಡಿ. ಅದರ ಒಳಗಿನ ವೋಲ್ಟೇಜ್ 20,000 ದಾಟುತ್ತೆ.

ರಿಪೇರಿ ಅಂಗಡಿಯಲ್ಲಿ 'ಆನ್ ಆಗ್ತಿಲ್ಲ' ಅಂತ ಮಾತ್ರ ಹೇಳಬೇಡಿ. 'ಕೇಬಲ್ ಬದಲಿಸಿ ನೋಡಿದೆ, ಲೈಟ್ ಮಿನುಗುತ್ತೆ, ಪವರ್ ಬೋರ್ಡ್ ನೋಡಿ' ಅನ್ನಿ. ಖರ್ಚೆಷ್ಟು ಅಂತ ಮೊದಲೇ ಕೇಳಿ. ಪ್ಯಾನೆಲ್ಲೇ ಒಡೆದಿದ್ರೆ ದುಡ್ಡು ಸುರಿಯೋದು ಬೇಡ.

ಬಿಸಾಡಲೇಬೇಕಾದ್ರೂ ಕಸದ ಬುಟ್ಟಿಗೆ ಬೇಡ. ಹಳೇ ಎಲ್‌ಸಿಡಿಗಳ ಬ್ಯಾಕ್‌ಲೈಟ್ ಟ್ಯೂಬಿನಲ್ಲಿ ಪಾದರಸ ಇರುತ್ತೆ. ಅಧಿಕೃತ ಇ-ತ್ಯಾಜ್ಯ ಕೇಂದ್ರಕ್ಕೇ ಕೊಡಿ. ಮತ್ತೆ ಸಿಗೋಣ.